ಎರಡು ನಿಯಮ ಎದುರಾದಾಗ: ಡಿ ಅಂಡ್ ಡಿ ಆಟದಲ್ಲಿ ತೀರ್ಪು ಕೊಡುವ ಬಗೆ

ಡಿ ಅಂಡ್ ಡಿ ಅಂದರೆ ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಡೈಸ್ ಉರುಳಿಸುತ್ತಾ ಕೂಡಿ ಕಥೆ ನಡೆಸುವ ಆಟ. ಅದರಲ್ಲಿ ಒಂದೊಂದೇ ನಿಯಮ ಓದಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಎರಡು ನಿಯಮಗಳು ಒಂದೇ ಹೊತ್ತಿಗೆ ಎದುರಾದಾಗ ತಕರಾರು ಶುರುವಾಗುತ್ತದೆ. ನಿಮ್ಮ ವಿಝರ್ಡ್, ಅಂದರೆ ನೀವು ಆಡುವ ಮಂತ್ರವಾದಿ, ಮಾಯವಾಗಿದ್ದಾಳೆ. ಎದುರಾಳಿಗೆ ಮಾಯವಾದವರನ್ನೂ ಕಾಣುವ ಸ್ಪೆಲ್ (ಮಂತ್ರ) ಇದೆ. ಈಗ ಅವಳಿಗೆ ಮಾಯವಾದದ್ದರ ಲಾಭ ಸಿಗುತ್ತದೆಯೋ ಇಲ್ಲವೋ? ಒಬ್ಬ ಹೌದು ಅನ್ನುತ್ತಾನೆ, ಇನ್ನೊಬ್ಬ ಇಲ್ಲ ಅನ್ನುತ್ತಾನೆ. ಇಬ್ಬರ ಕೈಯಲ್ಲೂ ಪುಸ್ತಕ ಇದೆ. ಉಳಿದವರು ಸುಮ್ನೆ ಡೈಸ್ ಉರುಳಿಸುತ್ತಾ ಕೂರುತ್ತಾರೆ, ಆಮೇಲೆ ಮೊಬೈಲ್ ತೆಗೆಯುತ್ತಾರೆ.

ಧಾರವಾಡದ ಸಪ್ತಾಪುರದಲ್ಲಿ ಸೇರುವ ಒಂದು ಗುಂಪಿಗೆ ನಾನು ಡಿಎಂ. ಡಿಎಂ ಅಂದರೆ ಡಂಜನ್ ಮಾಸ್ಟರ್, ಕಥೆ ನಡೆಸುವವರು. ತೀರ್ಪು ಹೇಳುವ ಕೆಲಸವೂ ಅವರದೇ. ನಮ್ಮಲ್ಲಿ ಅರ್ಧ ಜನ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾರೆ, ರಾತ್ರಿ ಅದನ್ನೇ ಹಿಡಿದು ವಾಪಸ್ ಹೋಗಬೇಕು. ವಾದಕ್ಕೆ ಕಳೆದ ಹೊತ್ತು ಆಟದಿಂದಲೇ ಕಡಿತವಾಗುತ್ತದೆ. ಹಾಗಾಗಿ ಬೇಗ ತೀರ್ಪು ಕೊಡುವುದಕ್ಕೂ, ಎಲ್ಲರೂ ಒಪ್ಪುವ ತೀರ್ಪು ಕೊಡುವುದಕ್ಕೂ ಒಂದು ಕ್ರಮ ಬೇಕಾಯಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 5ನೇ ಆವೃತ್ತಿಯವು. ಬೇರೆ ಆಟ ಆಡುವವರಿಗೂ ಕ್ರಮ ಇದೇ ನಡೆಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಗೊಂದಲ ಅಂತ ಕರೆಯುವ ಹೆಚ್ಚಿನವು ನಿಜವಾಗಿ ಗೊಂದಲಗಳೇ ಆಗಿರುವುದಿಲ್ಲ. ಯಾರೋ ಅರ್ಧ ಓದಿರುತ್ತಾರೆ, ಇಲ್ಲವೇ ಬೇರೆ ಪುಸ್ತಕ ಓದಿರುತ್ತಾರೆ. ಅವನ್ನು ಬದಿಗಿಟ್ಟ ಮೇಲೆ ಉಳಿಯುವ ಕೆಲವಕ್ಕೆ ಮಾತ್ರ ಡಿಎಂ ತಲೆ ಓಡಿಸಬೇಕು.

ಮೊದಲ ಹೆಜ್ಜೆ: ಯಾವ ಪುಸ್ತಕ?

5ನೇ ಆವೃತ್ತಿ ಬಂದದ್ದು 2014ರಲ್ಲಿ. 2024ರಲ್ಲಿ ಅದೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್ (ಆಟಗಾರರ ನಿಯಮ ಪುಸ್ತಕ) ಪರಿಷ್ಕರಣೆ ಆಗಿ ಬಂತು. ಎರಡರಲ್ಲೂ ಸ್ಪೆಲ್‌ಗಳ ಹೆಸರು ಬಹುತೇಕ ಒಂದೇ, ಒಳಗಿನ ಮಾತು ಎಷ್ಟೋ ಕಡೆ ಬೇರೆ. ಮೇಲೆ ಹೇಳಿದ ಮಾಯದ ಪ್ರಶ್ನೆಯನ್ನೇ ನೋಡಿ. 2014ರ ಪುಸ್ತಕದಲ್ಲಿ 'ಇನ್‌ವಿಸಿಬಲ್' ಸ್ಥಿತಿಗೆ ಎರಡು ಅಂಶಗಳಿವೆ. ಮೊದಲನೆಯದು, ನಿಮ್ಮನ್ನು ವಿಶೇಷ ಇಂದ್ರಿಯವೋ ಮಂತ್ರವೋ ಇಲ್ಲದೆ ಕಾಣಲು ಆಗುವುದಿಲ್ಲ. ಎರಡನೆಯದು, ನಿಮ್ಮ ದಾಳಿಗೆ ಅಡ್ವಾಂಟೇಜ್, ನಿಮ್ಮ ಮೇಲಿನ ದಾಳಿಗೆ ಡಿಸ್‌ಅಡ್ವಾಂಟೇಜ್. (ಅಡ್ವಾಂಟೇಜ್ ಅಂದರೆ ಎರಡು ಡೈಸ್ ಹಾಕಿ ಹೆಚ್ಚು ಬಂದದ್ದನ್ನು ತೆಗೆದುಕೊಳ್ಳುವುದು, ಅದರ ಉಲ್ಟಾ ಡಿಸ್‌ಅಡ್ವಾಂಟೇಜ್.) ಎದುರಾಳಿ 'ಸೀ ಇನ್‌ವಿಸಿಬಿಲಿಟಿ' ಹಾಕಿಕೊಂಡರೆ ಮೊದಲ ಅಂಶ ಬಿದ್ದುಹೋಗುತ್ತದೆ. ಎರಡನೆಯದು ಬೀಳುತ್ತದೆ ಅಂತ ಎಲ್ಲೂ ಬರೆದಿಲ್ಲ. ಅಕ್ಷರ ಹಿಡಿದು ಓದಿದರೆ, ಕಣ್ಣೆದುರು ಕಾಣುತ್ತಿರುವವಳ ಮೇಲೂ ಡಿಸ್‌ಅಡ್ವಾಂಟೇಜ್‌ನಲ್ಲೇ ಹೊಡೆಯಬೇಕು. ವರ್ಷಗಟ್ಟಲೆ ಜನ ಇದರ ಮೇಲೆ ವಾದ ಮಾಡಿದ್ದಾರೆ. 2024ರ ಪುಸ್ತಕ ಒಂದು ಸಾಲು ಸೇರಿಸಿ ಇದನ್ನು ಮುಗಿಸಿತು: ಯಾರಾದರೂ ಹೇಗೋ ನಿಮ್ಮನ್ನು ಕಾಣಬಲ್ಲವರಾದರೆ, ಅವರ ವಿಷಯದಲ್ಲಿ ಈ ಲಾಭ ಇಲ್ಲ.

ಅಂದರೆ ಇಬ್ಬರೂ ಸರಿಯೇ, ಓದಿದ ಪುಸ್ತಕ ಮಾತ್ರ ಬೇರೆ. ಕ್ಯಾಂಪೇನ್, ಅಂದರೆ ವಾರಗಟ್ಟಲೆ ನಡೆಯುವ ಒಂದು ಕಥೆ, ಶುರು ಮಾಡುವಾಗಲೇ ಒಂದು ಪುಸ್ತಕ ಗೊತ್ತು ಮಾಡಿಕೊಳ್ಳಿ. ಪುಸ್ತಕ ದುಬಾರಿ ಅನ್ನುವ ವಿದ್ಯಾರ್ಥಿಗಳಿಗೆ ಎಸ್‌ಆರ್‌ಡಿ ಇದೆ. ಅದು ಮೂಲ ನಿಯಮಗಳ ಉಚಿತ ಪಿಡಿಎಫ್. 2014ರ ನಿಯಮಗಳ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟರು. 2024ರ ನಿಯಮಗಳದ್ದು 5.2, ಅದು 2025ರಲ್ಲಿ ಬಂತು. ಬೇಕಾದ ಪುಟಗಳನ್ನು ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಮಾಡಿಸಿ ಇಟ್ಟುಕೊಳ್ಳಿ. ಎಲ್ಲರೂ ಒಂದೇ ಪ್ರತಿ ನೋಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎರಡನೆಯದು: ಪೂರ್ತಿ ಓದಿ, ಜೋರಾಗಿ ಓದಿ

ನೆನಪಿನಿಂದ ಹೇಳಿದ ನಿಯಮದ ಮೇಲೆ ತೀರ್ಪು ಕೊಡಬೇಡಿ. ಪುಸ್ತಕ ತೆಗೆದು, ತಕರಾರಿನಲ್ಲಿರುವ ಎರಡೂ ಪ್ಯಾರಾಗಳನ್ನು ಎಲ್ಲರಿಗೂ ಕೇಳುವ ಹಾಗೆ ಓದಿಸಿ. ತಕರಾರು ತೆಗೆದವರೇ ಓದಿದರೆ ಇನ್ನೂ ಒಳ್ಳೆಯದು.

ನಮ್ಮ ಫೈಟರ್ (ಯೋಧ) ಒಂದು ಓಗರ್ ಅನ್ನು, ಅಂದರೆ ದೈತ್ಯನನ್ನು, ನೆಲಕ್ಕೆ ಕೆಡವಿದ, ಆಮೇಲೆ ಗ್ರಾಪಲ್ ಮಾಡಿ ಹಿಡಿದುಕೊಂಡ. ಓಗರ್ ತನ್ನ ಸರದಿಯಲ್ಲಿ ಎದ್ದು ನಿಲ್ಲಬಹುದೇ? "ಅಷ್ಟ್ ದೊಡ್ಡ ಪ್ರಾಣಿ, ಏಳೂದಿಲ್ಲಂದ್ರ ಹೆಂಗ?" ಅಂತ ಒಬ್ಬ ಕೇಳಿದ. ಪುಸ್ತಕ ತೆಗೆದರೆ ಉತ್ತರ ಸಿದ್ಧವಾಗಿತ್ತು. ಬಿದ್ದವರು ಏಳಬೇಕಾದರೆ ಸ್ಪೀಡಿನ (ಒಂದು ಸರದಿಯಲ್ಲಿ ಚಲಿಸಬಹುದಾದ ದೂರದ) ಅರ್ಧ ಖರ್ಚು ಮಾಡಬೇಕು, ಸ್ಪೀಡ್ ಸೊನ್ನೆ ಇದ್ದರೆ ಏಳಲು ಬರುವುದಿಲ್ಲ. ಗ್ರಾಪಲ್ ಆದವರ ಸ್ಪೀಡ್ ಸೊನ್ನೆ. ಹಾಗಾಗಿ ಓಗರ್ ಮೊದಲು ಬಿಡಿಸಿಕೊಳ್ಳಬೇಕು, ಆಮೇಲೆ ಏಳಬೇಕು. ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಮೂರನೆಯ ನಿಯಮ ಹುಟ್ಟಿಸಬೇಕಿಲ್ಲ.

ಓದುವಾಗ ಚಿಕ್ಕ ಪದಗಳ ಮೇಲೆ ಕಣ್ಣಿಡಿ. ರೋಗ್ (ಕಳ್ಳ) ಪಾತ್ರದ 'ಸ್ನೀಕ್ ಅಟ್ಯಾಕ್', ಅಂದರೆ ಹೊಂಚಿ ಹೊಡೆಯುವ ಹೆಚ್ಚುವರಿ ಪೆಟ್ಟು, ಒಂದು ಟರ್ನ್‌ಗೆ ಒಮ್ಮೆ ಅಂತ ಇದೆ. ರೌಂಡ್‌ಗೆ ಒಮ್ಮೆ ಅಂತ ಇಲ್ಲ. ರೌಂಡ್ ಅಂದರೆ ಸುಮಾರು 6 ಸೆಕೆಂಡು, ಅದರೊಳಗೆ ಎಲ್ಲರಿಗೂ ಒಂದೊಂದು ಟರ್ನ್, ಅಂದರೆ ಸರದಿ, ಬರುತ್ತದೆ. ಆದ್ದರಿಂದ ರೋಗ್ ತನ್ನ ಟರ್ನ್‌ನಲ್ಲಿ ಒಮ್ಮೆ ಹೊಡೆದು, ಗಾಬ್ಲಿನ್ ಅದರ ಟರ್ನ್‌ನಲ್ಲಿ ಓಡಿಹೋಗುವಾಗ ರಿಯಾಕ್ಷನ್, ಅಂದರೆ ಇನ್ನೊಬ್ಬರ ಟರ್ನ್‌ನಲ್ಲೂ ಮಾಡಬಹುದಾದ ತಕ್ಷಣದ ಪ್ರತಿಕ್ರಿಯೆ, ಬಳಸಿ ಹೊಡೆದರೆ, ಉಳಿದ ಷರತ್ತು ಸರಿ ಇದ್ದಲ್ಲಿ ಎರಡನೇ ಸಲವೂ ಸ್ನೀಕ್ ಅಟ್ಯಾಕ್ ಸಿಗುತ್ತದೆ. ಹೊಸ ಡಿಎಂಗಳು ಇದನ್ನು ಮೋಸ ಅಂದುಕೊಂಡು ತಡೆಯುತ್ತಾರೆ. ತಡೆಯಬೇಡಿ. ರಿಯಾಕ್ಷನ್ ರೌಂಡ್‌ಗೆ ಒಂದೇ, ಅದನ್ನು ಇದಕ್ಕೆ ಖರ್ಚು ಮಾಡಲಿ ಬಿಡಿ.

ಮೂರನೆಯದು: ವಿಶೇಷ ನಿಯಮ ಸಾಮಾನ್ಯ ನಿಯಮಕ್ಕಿಂತ ಮೇಲೆ

ಇದು 2014ರ ಪುಸ್ತಕದ ಪೀಠಿಕೆಯಲ್ಲೇ ಇದೆ. ನಮ್ಮ ಗುಂಪಿನಲ್ಲಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುವ ಒಬ್ಬಳಿದ್ದಾಳೆ. ಅವಳಿಗೆ ಇದನ್ನು ಹೇಳಿಕೊಡಬೇಕಾಗಲೇ ಇಲ್ಲ, ಕಾನೂನು ಓದುವವರು ಮೊದಲ ವರ್ಷವೇ ಕಲಿಯುವ ಮಾತು ಇದು. ಆದರೆ ಅವಳು ಸೇರಿಸಿದ ಇನ್ನೊಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು: "ವಿಶೇಷ ನಿಯಮ ಎಷ್ಟರ ಬಗ್ಗೆ ಮಾತಾಡ್ತದೋ ಅಷ್ಟಕ್ಕೇ ಗೆಲ್ತದ, ಅಣ್ಣಾ. ಅದರಾಚೆ ಸಾಮಾನ್ಯ ನಿಯಮನೇ ನಡೀತದ."

2014ರ ನಿಯಮಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿ. ಎದುರಾಳಿಯ ಕೈಯಳತೆಯಿಂದ ಆಚೆ ಹೋದರೆ ಅವರಿಗೆ ಆಪರ್ಚುನಿಟಿ ಅಟ್ಯಾಕ್, ಅಂದರೆ ಹೋಗುತ್ತಿರುವವರಿಗೆ ಒಂದು ಏಟು ಹೊಡೆಯುವ ಅವಕಾಶ, ಸಿಗುತ್ತದೆ, ಇದು ಸಾಮಾನ್ಯ ನಿಯಮ. 'ಡಿಸ್‌ಎಂಗೇಜ್' ಮಾಡಿದರೆ, ಅಂದರೆ ಸರದಿಯನ್ನು ಹುಷಾರಾಗಿ ಹಿಂದೆ ಸರಿಯಲು ಬಳಸಿದರೆ, ಸಿಗುವುದಿಲ್ಲ, ಇದು ವಿಶೇಷ. 'ಸೆಂಟಿನಲ್' ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇರುವವರಿಗೆ, ಎದುರಾಳಿ ಡಿಸ್‌ಎಂಗೇಜ್ ಮಾಡಿದ್ದರೂ ಸಿಗುತ್ತದೆ, ಇದು ಇನ್ನೂ ವಿಶೇಷ. ಈಗ ಒಂದು ಗೂಬೆ ಹಾರಿ ಹೋಗುತ್ತದೆ. ಗೂಬೆಗೆ 'ಫ್ಲೈಬೈ' ಇದೆ, ಹಾರಿ ಹೋಗುವಾಗ ಆಪರ್ಚುನಿಟಿ ಅಟ್ಯಾಕ್ ಬೀಳುವುದಿಲ್ಲ. ಸೆಂಟಿನಲ್ ಗೂಬೆಯನ್ನು ಹೊಡೆಯಬಹುದೇ? ಆಗುವುದಿಲ್ಲ. ಸೆಂಟಿನಲ್ ಮುರಿಯುವುದು ಡಿಸ್‌ಎಂಗೇಜ್ ಅನ್ನು ಮಾತ್ರ. ಗೂಬೆ ಡಿಸ್‌ಎಂಗೇಜ್ ಮಾಡಲೇ ಇಲ್ಲ. ಯಾವುದು ಜಾಸ್ತಿ ವಿಶೇಷ ಅಂತ ತೂಗುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಯಾವ ಸಾಲು ಏನನ್ನು ಮುರಿಯುತ್ತದೆ ಅಂತ ಕೇಳಿದರೆ ತಕ್ಷಣ ಸಿಗುತ್ತದೆ.

ನಾಲ್ಕನೆಯದು: ಬರೆದಷ್ಟೇ ಮಾಡುತ್ತದೆ

"ಅಣ್ಣಾ, ಅಂವ ಬಾಯಿ ತಗದಾನ. ಅಂವನ ಪುಪ್ಪುಸ ಅಂದ್ರ ತೆರದ ಪಾತ್ರೀನ ಅಲ್ಲೇನು? ಒಳಗ ನೀರು ತುಂಬಸ್ತೀನಿ."

ಆಟಗಾರರಿಂದ ಈ ಕೋರಿಕೆ ಒಂದಲ್ಲ ಒಂದು ದಿನ ನಿಮ್ಮಲ್ಲೂ ಬರುತ್ತದೆ. 'ಕ್ರಿಯೇಟ್ ಆರ್ ಡೆಸ್ಟ್ರಾಯ್ ವಾಟರ್' 1ನೇ ಲೆವೆಲ್ ಸ್ಪೆಲ್, ಅಂದರೆ ಚಿಕ್ಕ ಶಕ್ತಿಯದು, 9ನೇ ಲೆವೆಲ್ ಎಲ್ಲಕ್ಕಿಂತ ದೊಡ್ಡದು. ತೆರೆದ ಪಾತ್ರೆಯಲ್ಲಿ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ನೀರು ಬರಿಸುತ್ತದೆ. ಪುಪ್ಪುಸ ಪಾತ್ರೆ ಹೌದೋ ಅಲ್ಲವೋ ಅಂತ ಶರೀರಶಾಸ್ತ್ರದ ಚರ್ಚೆಗೆ ಇಳಿಯಬೇಡಿ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಎರಡು ಪ್ರಶ್ನೆ ಕೇಳಿ. ಈ ಸ್ಪೆಲ್‌ನಲ್ಲಿ ಡ್ಯಾಮೇಜ್ ಬಗ್ಗೆಯಾಗಲಿ, ತಪ್ಪಿಸಿಕೊಳ್ಳಲು ಸೇವಿಂಗ್ ಥ್ರೋ ಬಗ್ಗೆಯಾಗಲಿ ಒಂದು ಸಾಲಾದರೂ ಇದೆಯೇ? ಇಲ್ಲ. ಆಟದಲ್ಲಿ ಒಂದೇ ಏಟಿಗೆ ಕೊಲ್ಲುವ ಸ್ಪೆಲ್ ಯಾವ ಲೆವೆಲ್‌ನಲ್ಲಿದೆ? 'ಪವರ್ ವರ್ಡ್ ಕಿಲ್' 9ನೇ ಲೆವೆಲ್, ಅದೂ 100 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲರು ಅನ್ನುವ ಲೆಕ್ಕ) ಇರುವವರ ಮೇಲೆ ಮಾತ್ರ ಸಾವು ತರುತ್ತದೆ. 1ನೇ ಲೆವೆಲ್‌ನಲ್ಲಿ ಅದಕ್ಕಿಂತ ಸುಲಭವಾಗಿ ಕೊಲ್ಲಬಹುದು ಅಂತ ನಿಯಮ ಬರೆದವರು ಅಂದುಕೊಂಡಿರಲು ಸಾಧ್ಯವೇ ಇಲ್ಲ.

ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ 2ನೇ ಆವೃತ್ತಿ 2019ರಲ್ಲಿ ಬಂತು. ಅದರ ಪುಸ್ತಕದಲ್ಲಿ ಇದನ್ನು ನೇರವಾಗಿಯೇ ಹೇಳಿದ್ದಾರೆ: ಒಂದು ನಿಯಮಕ್ಕೆ ಹಲವು ಅರ್ಥ ಬಂದು, ಅದರಲ್ಲೊಂದು ನಂಬಲಾಗದಷ್ಟು ಲಾಭದ್ದಾಗಿದ್ದರೆ, ಅದು ಸರಿಯಾದ ಅರ್ಥ ಆಗಿರಲಿಕ್ಕಿಲ್ಲ. ಯಾವ ಆಟಕ್ಕೂ ಈ ಅಳತೆ ಹೊಂದುತ್ತದೆ.

ಭೌತಶಾಸ್ತ್ರದ ವಾದಗಳಿಗೂ ಇದೇ ಉತ್ತರ. ಸಾವಿರಾರು ಹಳ್ಳಿಗರನ್ನು ಸಾಲಾಗಿ ನಿಲ್ಲಿಸಿ, 6 ಸೆಕೆಂಡಿನೊಳಗೆ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಅದು ಗುಂಡಿನ ವೇಗದಲ್ಲಿ ಹೋಗಿ ಬಡಿಯುತ್ತದೆ ಅನ್ನುವ ಹಳೆಯ ತರ್ಕ ಒಂದಿದೆ. ಕೋಲು ದಾಟಿಸಲು ಆಟದ ನಿಯಮ, ಬಡಿಯಲು ಪಿಯುಸಿ ಫಿಸಿಕ್ಸ್. ಎರಡರಲ್ಲಿ ಒಂದನ್ನೇ ಹಿಡಿಯಬೇಕು. 2024ರ ಡಂಜನ್ ಮಾಸ್ಟರ್ಸ್ ಗೈಡ್, ನಿಯಮಗಳು ಇರುವುದು ಭೌತಶಾಸ್ತ್ರ ವಿವರಿಸಲು ಅಲ್ಲ ಅಂತ ಸ್ಪಷ್ಟವಾಗಿ ಬರೆದಿದೆ.

ಐದನೆಯದು: ಇನ್ನೊಬ್ಬರ ಪಾಲಿಗೆ ಕೈ ಹಾಕುತ್ತದೆಯೇ?

ಇದು ಬಹಳ ಜನ ಬಿಟ್ಟುಬಿಡುವ ಪರೀಕ್ಷೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ.

ಹೆಚ್ಚಿನ ಸ್ಪೆಲ್‌ಗಳನ್ನು ಬಾಯಿಬಿಟ್ಟು ಹೇಳಬೇಕು. ವಿಝರ್ಡ್ ಆಡುವವನು, "ನಾನು ಪಿಸುಗುಡುತ್ತೇನೆ, ಕಾವಲುಗಾರನಿಗೆ ಕೇಳುವುದಿಲ್ಲ" ಅನ್ನುತ್ತಾನೆ. 2014ರ ಪುಸ್ತಕ, ಮಂತ್ರಕ್ಕೆ ನಿರ್ದಿಷ್ಟ ಸ್ವರ ಮತ್ತು ನಾದ ಬೇಕು ಅನ್ನುತ್ತದೆ. ಎಷ್ಟು ದೂರ ಕೇಳುತ್ತದೆ ಅಂತ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹೇಳುವುದಿಲ್ಲ. ಪಿಸುಗುಟ್ಟಬಾರದು ಅಂತಲೂ ನೇರವಾಗಿ ಇಲ್ಲ. ಇದು ನಿಜವಾದ ಗೊಂದಲ, ಪುಸ್ತಕದಲ್ಲಿ ಇನ್ನೆಷ್ಟು ಹುಡುಕಿದರೂ ಬಗೆಹರಿಯುವುದಿಲ್ಲ.

ಆಗ ಸುತ್ತ ಕೂತವರನ್ನು ನೋಡಿ. ಅದೇ ಗುಂಪಿನಲ್ಲಿ ಸಾರ್ಸರರ್, ಅಂದರೆ ಇನ್ನೊಂದು ಬಗೆಯ ಮಂತ್ರವಾದಿ, ಆಡುವವಳು ಇದ್ದಾಳೆ. 'ಸಟಲ್ ಸ್ಪೆಲ್' ಎಂಬ ವಿದ್ಯೆಯನ್ನು ಅವಳು ಬೇರೆ ಆಯ್ಕೆಗಳನ್ನು ಬಿಟ್ಟು ಆರಿಸಿಕೊಂಡಿದ್ದಾಳೆ. ಮಾತಿಲ್ಲದೆ, ಕೈಯಾಡಿಸದೆ ಮಂತ್ರ ಹಾಕಲು ಪ್ರತಿ ಸಲವೂ ಒಂದು ಸಾರ್ಸರಿ ಪಾಯಿಂಟ್ ಕೊಡುತ್ತಾಳೆ. ವಿಝರ್ಡ್‌ಗೆ ಪಿಸುಮಾತು ಪುಕ್ಕಟೆ ಸಿಕ್ಕರೆ ಅವಳ ಆಯ್ಕೆಗೆ ಬೆಲೆಯೇ ಇರುವುದಿಲ್ಲ. ಅವಳು ಜಗಳ ಮಾಡದೇ ಇರಬಹುದು. ಹಾಗೆ ಸುಮ್ಮನಿರುವವರ ಪಾಲು ಕಾಯುವುದು ಡಿಎಂ ಕೆಲಸ, ಅಲ್ವಾ?

ನಮ್ಮ ತೀರ್ಪು ಹೀಗಿದೆ: ಮಂತ್ರವನ್ನು ಮಾತಾಡುವ ದನಿಯಲ್ಲೇ ಹೇಳಬೇಕು. ಆದರೆ ಸುತ್ತಲಿನ ಸದ್ದು ಲೆಕ್ಕಕ್ಕೆ ಬರುತ್ತದೆ. ಸಂಜೆಯ ದುರ್ಗದಬೈಲಿನಂಥ ಗದ್ದಲದ ಸಂತೆಯಲ್ಲಿ ನಿಂತು ಹೇಳಿದರೆ ಹತ್ತು ಹೆಜ್ಜೆ ಆಚೆ ಯಾರಿಗೂ ಗೊತ್ತಾಗುವುದಿಲ್ಲ. ಕತ್ತಲ ಓಣಿಯಲ್ಲಿ ಹೇಳಿದರೆ ಕಾವಲುಗಾರ ತಿರುಗಿ ನೋಡುತ್ತಾನೆ. ಹೀಗಾಗಿ ವಿಝರ್ಡ್ ಆಡುವವನು ಜಾಗ ಹುಡುಕಲು ಶುರು ಮಾಡಿದ, ಒಂದು ಸಲ ಗೆಳೆಯನಿಂದ ಬೇಕಂತಲೇ ಜಗಳ ತೆಗೆಸಿ ಗದ್ದಲ ಮಾಡಿಸಿದ. ಆಟ ಇನ್ನೂ ರಂಗೇರಿತು.

ನಿಯಮ ಸ್ಪಷ್ಟ, ಫಲಿತಾಂಶ ವಿಚಿತ್ರ

ಕೆಲವು ಸಲ ಎರಡು ನಿಯಮಗಳೂ ಸ್ಪಷ್ಟವಾಗಿರುತ್ತವೆ, ಸೇರಿಸಿದರೆ ಮಾತ್ರ ನಗು ಬರುವಂಥ ಉತ್ತರ ಬರುತ್ತದೆ. ಮಂಜಿನ ಪ್ರಕರಣ ಇಂಥದ್ದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಲಾಂಗ್‌ಬೋ ಎಂಬ ಉದ್ದ ಬಿಲ್ಲಿನ ಬಾಣ 150 ಅಡಿವರೆಗೆ ಸರಾಗ. 600 ಅಡಿವರೆಗೂ ಹೋಗುತ್ತದೆ, ಆದರೆ 150 ದಾಟಿದರೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಡೈಸ್ ಹಾಕಿ ಕಡಿಮೆ ಬಂದದ್ದನ್ನು ತೆಗೆದುಕೊಳ್ಳಬೇಕು. ಈಗ 500 ಅಡಿ ದೂರದ ಶತ್ರುವಿನ ಸುತ್ತ ಯಾರೋ 'ಫಾಗ್ ಕ್ಲೌಡ್', ಅಂದರೆ ಮಂಜು ಕವಿಸುವ ಸ್ಪೆಲ್, ಹಾಕುತ್ತಾರೆ. ಬಿಲ್ಲುಗಾರನಿಗೆ ಶತ್ರು ಕಾಣುವುದಿಲ್ಲ, ಇನ್ನೊಂದು ಡಿಸ್‌ಅಡ್ವಾಂಟೇಜ್. ಶತ್ರುವಿಗೂ ಬಿಲ್ಲುಗಾರ ಕಾಣುವುದಿಲ್ಲ, ಆದ್ದರಿಂದ ಬಿಲ್ಲುಗಾರನಿಗೆ ಅಡ್ವಾಂಟೇಜ್. ನಿಯಮದ ಪ್ರಕಾರ ಅಡ್ವಾಂಟೇಜ್ ಒಂದಿದ್ದು ಡಿಸ್‌ಅಡ್ವಾಂಟೇಜ್ ಎಷ್ಟೇ ಇದ್ದರೂ ಎಲ್ಲ ಸೇರಿ ರದ್ದಾಗುತ್ತವೆ. ಒಂದೇ ಡೈಸ್ ಹಾಕಿದರಾಯಿತು. ಅಂದರೆ ಬಯಲಲ್ಲಿ ನಿಂತ ಶತ್ರುವಿಗಿಂತ ಮಂಜಿನೊಳಗಿನ ಶತ್ರುವಿಗೆ ಬಾಣ ಬಿಡುವುದು ಸುಲಭ!

ಇಲ್ಲಿ ಹೊಸ ಡಿಎಂಗಳು ತಕ್ಷಣ ರದ್ದತಿಯ ನಿಯಮವನ್ನೇ ತಿದ್ದಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಆ ನಿಯಮದ ಮೇಲೆ ಇಡೀ ಆಟ ನಿಂತಿದೆ. ಒಂದು ಕಡೆ ಮುಟ್ಟಿದರೆ ಹತ್ತು ಕಡೆ ಅಲುಗಾಡುತ್ತದೆ. ಅದರ ಬದಲು ಪುಸ್ತಕದಲ್ಲಿ ಈಗಾಗಲೇ ಇರುವ, ಯಾರೂ ಬಳಸದ ಸಾಲು ಹುಡುಕಿ. ಕಾಣದವರ ಮೇಲೆ ದಾಳಿ ಮಾಡುವಾಗ ಅವರು ಎಲ್ಲಿದ್ದಾರೆ ಅಂತ ಊಹಿಸಬೇಕು, ಇಲ್ಲವೇ ಸದ್ದಿನಿಂದ ತಿಳಿದಿರಬೇಕು. ನೀವು ಗುರಿ ಇಟ್ಟ ಜಾಗದಲ್ಲಿ ಅವರಿಲ್ಲದಿದ್ದರೆ ಡೈಸ್‌ನಲ್ಲಿ ಏನು ಬಂದರೂ ತಪ್ಪಿದ ಹಾಗೆಯೇ. ಫಾಗ್ ಕ್ಲೌಡ್ 20 ಅಡಿ ತ್ರಿಜ್ಯದ್ದು, ಅಂದರೆ 40 ಅಡಿ ಅಗಲ. 500 ಅಡಿ ದೂರದಿಂದ ಹೆಜ್ಜೆ ಸಪ್ಪಳ ಕೇಳುತ್ತದೆಯೇ? ನನ್ನ ತೀರ್ಪಿನಲ್ಲಿ ಇಲ್ಲ. ಆದ್ದರಿಂದ ಬಿಲ್ಲುಗಾರ ನಕ್ಷೆಯ ಮೇಲೆ ಒಂದು ಚೌಕಕ್ಕೆ ಬೆರಳಿಡಬೇಕು. ಹತ್ತಿರ ನಿಂತು ಕೂಗಿ ಜಾಗ ಹೇಳುವ ಗೆಳೆಯನಿದ್ದರೆ ಪಾತ್ರಕ್ಕೆ ಆ ಸುಳಿವು ಸಿಗಲಿ. ಯಾವ ನಿಯಮವನ್ನೂ ಮುರಿಯದೆ ಮಂಜು ಮತ್ತೆ ಮಂಜಾಯಿತು.

ಪರಿಸರವೂ ನೆರವಿಗೆ ಬರುತ್ತದೆ. ನಮ್ಮ ಕ್ಯಾಂಪೇನ್ ಗದಗಿನ ಕಪ್ಪತಗುಡ್ಡದಂಥ ಗುಡ್ಡಸಾಲಿನಲ್ಲಿ ನಡೆಯುತ್ತದೆ. ಗಾಳಿಗಿರಣಿ ನಿಲ್ಲಿಸಿರುವ ಆ ಗುಡ್ಡಗಳ ಗಾಳಿ ನಿಮಗೆ ಗೊತ್ತಿರಬಹುದು. ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿಲೋಮೀಟರ್ ಗಾಳಿ ಬೀಸಿದರೆ ಫಾಗ್ ಕ್ಲೌಡ್ ಚದುರುತ್ತದೆ ಅಂತ 2014ರ ಸ್ಪೆಲ್‌ನಲ್ಲೇ ಇದೆ. ಆದರೆ ಗಾಳಿ ಇದೆ ಅನ್ನುವುದನ್ನು ಸ್ಪೆಲ್ ಹಾಕುವ ಮುಂಚೆ ಹೇಳಿರಬೇಕು. ಹಾಕಿದ ಮೇಲೆ ಗಾಳಿ ಎಬ್ಬಿಸುವುದು ಅನ್ಯಾಯ.

ಯಾವುದು ಮೊದಲು?

ಎರಡು ಪರಿಣಾಮ ಒಂದೇ ಕ್ಷಣಕ್ಕೆ ಬಂದರೆ ಯಾರ ಟರ್ನ್ ನಡೆಯುತ್ತಿದೆಯೋ ಅವರು ಕ್ರಮ ಹೇಳುತ್ತಾರೆ. ಇದು 2017ರ ಒಂದು ಪೂರಕ ಪುಸ್ತಕದಲ್ಲಿ ಬಂದು, 2024ರಲ್ಲಿ ಮುಖ್ಯ ಪುಸ್ತಕಕ್ಕೇ ಸೇರಿತು. ರಿಯಾಕ್ಷನ್ ಸಾಮಾನ್ಯವಾಗಿ ಅದರ ಕಾರಣ ಮುಗಿದ ಮೇಲೆ ಬರುತ್ತದೆ. ಬೇರೆ ಥರ ಬರೆದಿದ್ದರೆ ಬರೆದ ಹಾಗೆ.

ತೀರ್ಪು ಹೇಳುವ ಹೊತ್ತು

ಇಷ್ಟಾದರೂ ಎರಡು ಅರ್ಥ ಸರಿಸಮ ಉಳಿದರೆ ಎಳೆಯಬೇಡಿ. ಇಬ್ಬರಿಗೂ ಒಂದೊಂದು ನಿಮಿಷ ಮಾತಾಡಲು ಕೊಡಿ. ಆಮೇಲೆ ಗುಂಪಿಗೆ ಒಂದೇ ಪ್ರಶ್ನೆ: "ನಾಳೆ ಗಾಬ್ಲಿನ್‌ಗಳು ಇದನ್ನೇ ನಿಮಗೆ ಮಾಡಿದರೆ ಒಪ್ಪುತ್ತೀರಾ?" ಒಪ್ಪಿದರೆ ಆಟಗಾರರ ಪರ ತೀರ್ಪು ಕೊಡಿ. ಅವರ ಮುಖದಲ್ಲಿ ಹಿಂಜರಿಕೆ ಕಂಡರೆ ಉತ್ತರ ಅಲ್ಲೇ ಸಿಕ್ಕಿತು. "ಈವತ್ತಿಗೆ ಹೀಗೆ, ಮುಂದಿನ ವಾರದೊಳಗೆ ಓದಿ ಹೇಳುತ್ತೇನೆ" ಅಂತ ಸೇರಿಸಿ. ತಾತ್ಕಾಲಿಕ ಅಂತ ಗೊತ್ತಾದರೆ ಸೋತವರೂ ಸಲೀಸಾಗಿ ಮುಂದೆ ಹೋಗುತ್ತಾರೆ.

ಒಂದು ಅಪವಾದ ಇದೆ. ಆ ತೀರ್ಪಿನಿಂದ ಯಾರದಾದರೂ ಪಾತ್ರ ಸಾಯುವುದಾದರೆ ಆತುರ ಬೇಡ. ಆಟ ನಿಲ್ಲಿಸಿ, ಚಹಾ ತರಿಸಿ, ಗಿರ್ಮಿಟ್ ತಿನ್ನುತ್ತಾ ಪುಸ್ತಕ ಓದಿ. ವರ್ಷವಿಡೀ ಬೆಳೆಸಿದ ಪಾತ್ರ ಅದು, ಅದಕ್ಕೆ ಅಷ್ಟು ಹೊತ್ತು ಕೊಡಲೇಬೇಕು.

ಕೆಲವು ಪ್ರಶ್ನೆಗಳು ಖಂಡಿತ ಬರುತ್ತವೆ ಅಂತ ಮೊದಲೇ ಗೊತ್ತಿರುತ್ತದೆ. ಗಲ್ಲಿ ಕ್ರಿಕೆಟ್‌ನಲ್ಲಿ ಕಾಂಪೌಂಡ್ ದಾಟಿದರೆ ಔಟೋ ಸಿಕ್ಸರೋ ಅಂತ ಟಾಸ್‌ಗೆ ಮುಂಚೆ ಹೇಳುತ್ತೇವಲ್ಲ, ಹಾಗೆ ಇವನ್ನೂ ಕ್ಯಾಂಪೇನ್‌ಗೆ ಮುಂಚೆ ಹೇಳಿಬಿಡಿ. ಪೆಟ್ಟು ತಪ್ಪಿಸುವ 'ಶೀಲ್ಡ್' ಸ್ಪೆಲ್ ಹಾಕುವ ಮುಂಚೆ ದಾಳಿಯ ಡೈಸ್ ಮೊತ್ತ ಎಷ್ಟು ಅಂತ ಡಿಎಂ ಹೇಳುತ್ತಾರೋ? 'ಕೌಂಟರ್‌ಸ್ಪೆಲ್' ಹಾಕಿ ಎದುರಾಳಿಯ ಸ್ಪೆಲ್ ತಡೆಯುವವರಿಗೆ ಆ ಸ್ಪೆಲ್ ಯಾವುದು ಅಂತ ಗೊತ್ತಿರುತ್ತದೋ? ಎರಡಕ್ಕೂ ಯಾವ ಉತ್ತರವಾದರೂ ಆಟ ಚೆನ್ನಾಗಿಯೇ ನಡೆಯುತ್ತದೆ. ನಾನು ಮೊತ್ತ ಹೇಳುತ್ತೇನೆ, ಸ್ಪೆಲ್ ಹೆಸರು ಹೇಳುವುದಿಲ್ಲ. ಡಿಎಂ ತನಗೂ ಅದೇ ನಿಯಮ ಹಾಕಿಕೊಂಡರೆ ಸಾಕು.

ಆಟ ಮುಗಿದ ಮೇಲೆ

ಒಂದು ನೋಟ್‌ಬುಕ್ ಇಡಿ. ಏನಾಯಿತು, ಏನು ಹೇಳಿದೆವು, ತಾತ್ಕಾಲಿಕವೋ ಕಾಯಮ್ಮೋ, ಇಷ್ಟೇ ಸಾಕು. ಮನೆಯಲ್ಲಿ ಸಮಾಧಾನವಾಗಿ ಪುಸ್ತಕ ನೋಡಿ, ಬೇಕಾದರೆ ಪ್ರಕಾಶಕರೇ ಹೊರತಂದಿರುವ 'ಸೇಜ್ ಅಡ್ವೈಸ್' ಪ್ರಶ್ನೋತ್ತರಗಳನ್ನೂ ನೋಡಿ. ಅಲ್ಲಿನ ಉತ್ತರ ನಿಮ್ಮ ಗುಂಪಿಗೆ ಸರಿಹೋಗದಿದ್ದರೆ ಬಿಡಬಹುದು, ಆದರೆ ಬಿಟ್ಟಿದ್ದೇವೆ ಅಂತ ಎಲ್ಲರಿಗೂ ಗೊತ್ತಿರಲಿ.

ಕಾಯಮ್ ತೀರ್ಪನ್ನು ಮುಂದಿನ ಆಟಕ್ಕೆ ಮುಂಚೆಯೇ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ, ಕಾರಣ ಒಂದೆರಡು ಸಾಲಿನಲ್ಲಿ ಬರೆಯಿರಿ. ಹಿಂದೆ ನಡೆದ ಕಥೆಯನ್ನು ಬದಲಿಸಬೇಡಿ. ಸತ್ತ ಓಗರ್ ಸತ್ತೇ ಇರಲಿ. ಆದರೆ ಹಳೆಯ ತೀರ್ಪನ್ನು ನಂಬಿ ಯಾರಾದರೂ ಒಂದು ಫೀಟ್ ಅಥವಾ ಸ್ಪೆಲ್ ಆರಿಸಿಕೊಂಡಿದ್ದರೆ, ಅದನ್ನು ಬದಲಿಸಿಕೊಳ್ಳಲು ಬಿಡಿ. ಅವರೇ ಕೇಳಲಿ ಅಂತ ಕಾಯಬೇಡಿ, ನೀವೇ ಫೋನ್ ಮಾಡಿ ಹೇಳಿ. ಬದಲಾವಣೆಗೆ ಕಥೆಯಲ್ಲಿ ಕಾರಣ ಹುಡುಕಬೇಕಿಲ್ಲ, ಮುಂದಿನ ಸಲ ಹೊಸ ಕ್ಯಾರೆಕ್ಟರ್ ಶೀಟ್ ತಂದರಾಯಿತು.